ಮೀನಿನ ನೀರು

ಆ ಬಟ್ಟಲಿನಿಂದ ನಾನು ಒಂದು ಚಮಚವನ್ನೂ ಬಾಯಿಗೆ ಇಟ್ಟಿರಲಿಲ್ಲ. ಆದರೂ ಊರಿಗೆ ಬಂದು, ನನಗೆ ಮೀನಿನ ನೀರು ಕುಡಿಸಿದರು ಎಂದು ಹೇಳಿದೆ. ಯಾರು ಕುಡಿಸಿದರು ಎಂದು ಕೇಳಿದವರಿಗೆ ಮೂವತ್ತು ವರ್ಷಗಳಿಂದ ಗೆಳೆಯನಾಗಿದ್ದವನ ಕಡೆ ಬೆರಳು ತೋರಿಸಿದೆ. ಇದನ್ನು ಬರೆಯುವುದಕ್ಕೆ ಬೇರೆ ಕಾರಣವಿಲ್ಲ.

ನಾನು ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ನೋಡುವ ಕೆಲಸ ಮಾಡಿದವನು. ಹೈಸ್ಕೂಲು ಮುಗಿಸಿ ಒಳಗೆ ಹೋದವನು ಮುದುಕನಾಗಿ ಹೊರಗೆ ಬಂದೆ. ಚೀಲಕ್ಕೆ ಕೊಳವೆ ಚುಚ್ಚಿ, ಬಂದ ಕಾಳನ್ನು ಹಲ್ಲಿನಲ್ಲಿ ಕಡಿದು, ಹಸಿಯೋ ಒಣಗಿದ್ದೋ ಹೇಳಬೇಕು. ಮೇಲೆ ಒಳ್ಳೆಯ ಭತ್ತ, ನಡುವೆ ಜೊಳ್ಳು ತುಂಬಿ ತರುವವರಿದ್ದರು. ಅವರನ್ನು ಹಿಡಿಯುವುದಕ್ಕೇ ನನಗೆ ಸಂಬಳ. ರೈತ ಗಾಡಿಯಿಂದ ಇಳಿಯುವ ಮೊದಲೇ ಅವನ ಮುಖದ ಮೇಲೆ ನನ್ನ ಕಣ್ಣು ಇರುತ್ತಿತ್ತು. ಆ ಚಾಳಿ ಗಿರಣಿಯ ಗೇಟಿನೊಳಗೇ ಉಳಿಯಲಿಲ್ಲ. ಹಾಲು ತರುವವಳು, ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು, ಔಷಧಿ ಬರೆದುಕೊಟ್ಟ ಡಾಕ್ಟರು, ಯಾರನ್ನೂ ನಾನು ಬಿಡಲಿಲ್ಲ.

ಗೆಳೆಯ ಸವಣೂರಿನ ಮುಸಲ್ಮಾನ, ಎಲೆ ವ್ಯಾಪಾರಿ. ಸಂತೆಯ ದಿನ ವೀಳ್ಯದೆಲೆಯ ಬುಟ್ಟಿಗಳನ್ನು ಬಸ್ಸಿನಲ್ಲಿ ತಂದು ನಮ್ಮ ಗಿರಣಿಯ ಗೇಟಿನ ಪಕ್ಕ ಕೂರುತ್ತಿದ್ದ. ಎಲೆಗೆ ಒದ್ದೆ ಬಟ್ಟೆ ಹೊದಿಸಿ ಆಗಾಗ ನೀರು ಚಿಮುಕಿಸುತ್ತಿದ್ದ. ಮಧ್ಯಾಹ್ನ ಇಬ್ಬರೂ ಗಿರಣಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದೆವು. ನನ್ನ ರೊಟ್ಟಿ ಅವನು ತಿನ್ನುತ್ತಿದ್ದ. ಮೀನು ಮಾಂಸ ಮುಟ್ಟದ ನಾನು ಅವನ ಬುತ್ತಿಯಿಂದ ಉಪ್ಪಿನಕಾಯಿ ಮಾತ್ರ ತೆಗೆದುಕೊಳ್ಳುತ್ತಿದ್ದೆ. ಸಂತೆಯ ದಿನ ಅವನ ಡಬ್ಬಿಯಲ್ಲಿ ಯಾವಾಗಲೂ ಕಾಯಿಪಲ್ಲೆಯೇ ಇರುತ್ತಿತ್ತು. ಯಾಕೆಂದು ಒಮ್ಮೆಯೂ ಕೇಳಲಿಲ್ಲ.

ಹೋದ ವರ್ಷ ನನ್ನ ಕಣ್ಣು ಮಂಜಾದಾಗ ಬೆಂಗಳೂರಿಗೆ ಹೋಗಿ ತೋರಿಸಬೇಕಾಯಿತು. ಮನೆಯಲ್ಲಿ ಯಾರಿಗೂ ಬಿಡುವಿರಲಿಲ್ಲ. "ನಾ ಬರ್ತೇನಿ ನಡಿ, ಅಲ್ಲಿ ಹಿಂದಿ ಬರದಿದ್ರ ನಿನ್ನ ಯಾರು ಕೇಳ್ತಾರ" ಎಂದು ಅವನೇ ಹೊರಟ. ಇವನಿಗೇನು ಲಾಭ ಎಂದು ರಾಣೇಬೆನ್ನೂರು ದಾಟುವವರೆಗೂ ಯೋಚಿಸಿದೆ.

ಮೂರನೆಯ ದಿನ ತಪಾಸಣೆ ಮುಗಿಯಿತು. ಕಣ್ಣಿಗೆ ಹಾಕಿದ ಹನಿಯಿಂದ ಹತ್ತಿರದ್ದೆಲ್ಲ ಮಸುಕಾಗಿತ್ತು. ಆಸ್ಪತ್ರೆಯ ಬೀದಿಯ ಹೋಟೆಲುಗಳ ದರ ಕೇಳಿಯೇ ಹಸಿವು ಇಳಿಯುವಂತಿತ್ತು. ಕೊನೆಗೆ ಒಂದು ಸಣ್ಣ ಅಂಗಡಿಯ ಮುಂದೆ ಗೆಳೆಯ ನಿಂತ.

"ಇದು ವಿಯೆಟ್ನಾಂ ಖಾನಾವಳಿ ಅಂತ. ದರಾ ನಮಗ ಆಗಿಬರೂವಂಗ ಐತಿ. ಎಲ್ಲಾ ಅಕ್ಕೀಲೆ ಮಾಡ್ತಾರಂತ. ನಿನ್ನ ಹಲ್ಲಿಗೆ ಕೆಲಸ ಸಿಕ್ತು, ಬಾ."

"ಯುದ್ಧ ಆಗಿದ್ದ ದೇಶ ಅಲ್ಲೇನೋ ಅದು? ಅಲ್ಲೇನ್ ತಿಂತಾರೋ ಯಾಂವಗ ಗೊತ್ತು."

"ಆ ಯುದ್ಧ ಮುಗದು ಐವತ್ತು ವರ್ಷ ಆತು. ನೀ ಇನ್ನೂ ಬಂಕರಿನ್ಯಾಗ ಕುಂತಿ."

ಒಳಗೆ ಗಿಡ್ಡ ಸ್ಟೂಲುಗಳು, ಆಫೀಸಿನ ಹುಡುಗ ಹುಡುಗಿಯರು. ಬಡಿಸುವ ಹುಡುಗಿ ಮಣಿಪುರದ ಕಡೆಯವಳಂತೆ. ಫೋಟೋ ಇದ್ದ ಕಾರ್ಡು ಕೈಗೆ ಕೊಟ್ಟಳು, ನನಗೆ ಎಲ್ಲವೂ ಹಸಿರು ಕಲೆಯಂತೆ ಕಂಡಿತು. ಗೆಳೆಯ ಕಾರ್ಡು ನೋಡಲಿಲ್ಲ, ಎದ್ದು ಅವಳ ಹಿಂದೆಯೇ ಗಲ್ಲಾಪೆಟ್ಟಿಗೆಯ ಹತ್ತಿರ ಹೋದ. ತಗ್ಗಿದ ದನಿಯಲ್ಲಿ ಏನೋ ಹೇಳಿದ. ನನ್ನ ಕಣ್ಣು ಮಸುಕಾಗಿತ್ತೇ ಹೊರತು ಕಿವಿಯಲ್ಲ. "ಮಛಲೀ ಕಾ ಪಾನಿ" ಎಂಬುದು ಸ್ಪಷ್ಟವಾಗಿ ಕೇಳಿಸಿತು. ಮೀನಿನ ನೀರು. ಮುಂದಿನ ಮಾತು ಮಿಕ್ಸರಿನ ಸದ್ದಿನಲ್ಲಿ ಮುಳುಗಿತು. ಹುಡುಗಿ ನನ್ನ ಕಡೆ ನೋಡಿ, ನಕ್ಕು, ತಲೆ ಆಡಿಸಿದಳು.

ನನ್ನೆದುರು ಹೇಳಲಾಗದ ಮಾತು ಯಾವುದು? ಅವನು ಬಂದು ಕೂತಾಗ ಏನೂ ಕೇಳಲಿಲ್ಲ. ಕಾದು ನೋಡುವುದು ನನ್ನ ಪದ್ಧತಿ.

ಮೊದಲು ಬಂದದ್ದು ಸೊಪ್ಪು, ಗಜ್ಜರಿ ಸುತ್ತಿದ ಸುರುಳಿ. ಮೇಲಿನ ಹಾಳೆ ಪಾರದರ್ಶಕವಾಗಿತ್ತು.

"ಇದು ಪ್ಲಾಸ್ಟಿಕ್" ಎಂದೆ.

"ಅಕ್ಕಿ ಹಾಳಿ ಅದು. ಕಡದು ನೋಡು."

ಒಂದು ತುದಿ ಕಡಿದೆ. ಅಕ್ಕಿಯೇ. ಹಳೆಯದಲ್ಲ, ಚೆನ್ನಾಗಿ ಪಾಲಿಶ್ ಮಾಡಿದ ಅಕ್ಕಿ. ನಾಲಿಗೆ ಒಪ್ಪಿಕೊಂಡರೂ ನಾನು ಒಪ್ಪಲಿಲ್ಲ. "ಅಕ್ಕಿ ಐತಿ, ಖರೆ. ಏನೋ ಕೂಡಿಸ್ಯಾರ" ಎಂದೆ. ಗೆಳೆಯ ನಕ್ಕು, "ನೀ ಗಿರಣಿ ಬಿಟ್ರೂ ಆ ಕೊಳವಿ ನಿನ್ನ ಕೈ ಬಿಡಲಿಲ್ಲ ನೋಡು" ಎಂದ.

ಆಮೇಲೆ ಎರಡು ದೊಡ್ಡ ಬಟ್ಟಲು ಬಂದವು. ಬಿಸಿ ತಿಳಿಸಾರು, ಅದರಲ್ಲಿ ಅಕ್ಕಿಯ ಬಿಳಿ ಶಾವಿಗೆ, ಅಣಬೆ, ಪನೀರಿನಂಥದ್ದು. ಎರಡೂ ಒಂದೇ ಥರ ಇದ್ದವು. ಹುಡುಗಿ ಕೊನೆಗೆ ನನ್ನ ಮುಂದೆ ಒಂದು ಪುಟ್ಟ ಕಪ್ಪು ಇಟ್ಟು, ಮತ್ತೆ ನಕ್ಕಳು. ಮಸುಕಿನಲ್ಲಿ ಕಂಡದ್ದು ಕಂದು ಬಣ್ಣದ ನೀರು, ಮೇಲೆ ಹಸಿಮೆಣಸಿನಕಾಯಿ ಚೂರಿನಂಥದ್ದು. ಮೂಗಿನ ಹತ್ತಿರ ಹಿಡಿದೆ. ಸಂತೆಯ ಆ ತುದಿಯಲ್ಲಿ ಒಣಮೀನು ಮಾರುವವರ ಕಡೆಯಿಂದ ಬರುವ ಅದೇ ವಾಸನೆ.

"ಇದನ್ನೇನು ಅಲ್ಲಿ ಹೋಗಿ ಪಿಸುಗುಟ್ಟಿ ಬಂದಿ?" ಎಂದು ಎದ್ದು ನಿಂತೆ. "ನನ್ನ ಕಣ್ಣು ಕಾಣೂದಿಲ್ಲ ಅಂತ ತಿಳದಿಯೇನು? ಮೂವತ್ತು ವರ್ಷ ಕಾದು ಇವತ್ತು ನನ್ನ ಜಾತಿ ಕೆಡಸಾಕ ಕರಕೊಂಡು ಬಂದಿ?"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗೆಳೆಯ ಹುಡುಗಿಯತ್ತ ತಿರುಗಿ, "ಮಛಲೀ ಕಾ ಪಾನಿ ನಕ್ಕೋ ಬೋಲಾ ನಾ ಮೈ! ನಕ್ಕೋ!" ಎಂದ.

"ನಕ್ಕೋ?" ಎಂದಳು ಆಕೆ. "ನಕ್ಕೋ ಕ್ಯಾ ಹೋತಾ ಹೈ?"

ಹಾಗೆಂದರೇನು ಎಂದು ಕೇಳುತ್ತಿದ್ದಾಳೆ! ನಮ್ಮ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ನಕ್ಕೋ ಎಂದರೆ ಬೇಡ ಎಂದು ಗೊತ್ತು. ಇದೆಲ್ಲ ಇಬ್ಬರೂ ಕೂಡಿ ಆಡುವ ನಾಟಕ ಎಂದುಕೊಂಡೆ.

"ದೋಸ್ತ, ಕುಂದ್ರು. ಬಟ್ಲದಾಗ ಏನೂ ಇಲ್ಲ, ನಾ ಕೇಳಿ ಹಾಕಿಸೇನಿ" ಎಂದ ಗೆಳೆಯ. ನಾನು ಕೂರಲಿಲ್ಲ. ಕೈ ತೊಳೆಯುವ ಕಡೆ ನಡೆದೆ. ಹುಡುಗಿ ಹಿಂದೆಯೇ ಬಂದಳು, ದನಿಯಲ್ಲಿ ಅಳುವಿತ್ತು.

"ಅಂಕಲ್, ಸಾರಲ್ಲಿ ಮೀನು ಇಲ್ಲ" ಎಂದು ತೊದಲು ಕನ್ನಡದಲ್ಲಿ ಹೇಳಿದಳು. "ಯಾವಾಗಲೂ ಎಲ್ಲಾದಕ್ಕೂ ಮೀನಿನ ನೀರು, ಫಿಶ್ ಸಾಸ್, ಹಾಕ್ತೀವಿ. ಅವರು ಕೇಳಿದರು, ನಾನು ಹೇಳಿದೆ. ನಿಮಗೂ ಬೇಡ, ಅವರಿಗೂ ಬೇಡ ಅಂದಿದ್ರಂತೆ, ಈಗ ಹೇಳಿದ್ರು. ನನಗೆ ಆ ನಕ್ಕೋ ಮಾತು ಗೊತ್ತಿಲ್ಲ. ಸಾರಿಗೆ ಹಾಕದೆ ಕಪ್ಪಲ್ಲಿ ಬೇರೆ ಕೊಡಿ ಅಂದ್ರು ಅಂದುಕೊಂಡೆ. ತಪ್ಪು ನಂದು, ಅವರದ್ದಲ್ಲ."

ಜೊಳ್ಳು ತಂದವನ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಮಸುಕಿನಲ್ಲೂ ಕಂಡಿತು, ಅವಳ ಮುಖ ಹಾಗಿರಲಿಲ್ಲ. ಅವಳು ಹೇಳಿದ್ದು ಸತ್ಯವೆಂದು ಅಲ್ಲೇ, ನಳ ಬಂದ್ ಮಾಡುವುದರೊಳಗೆ, ನನಗೆ ತಿಳಿದುಹೋಯಿತು. ಆದರೆ ಅಷ್ಟು ಜನರೆದುರು ಕೂಗಿದವನು ಹೇಗೆ ತಿರುಗಿ ಹೋಗಿ ಕೂರಲಿ? ಸೀದಾ ಹೊರಗೆ ನಡೆದೆ. ಅವನೂ ಬಟ್ಟಲು ಮುಟ್ಟದೆ ಹಿಂದೆ ಬಂದ. ಅಂದು ರಾತ್ರಿಯ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಊರಿಗೆ ಬಂದೆವು.

ಮರುದಿನ ಚಹಾದಂಗಡಿಯಲ್ಲಿ, ಬೆಂಗಳೂರು ಹೆಂಗಿತ್ತು ಎಂದರು. ಕಪ್ಪಿನ ಕತೆ ಹೇಳಿದೆ. ಎಲ್ಲರೂ ಹತ್ತಿರ ಸರಿದು ಕೂತರು. ನಿವೃತ್ತನಾದ ಮೇಲೆ ನನ್ನ ಮಾತಿಗೆ ಅಷ್ಟು ಕಿವಿ ಸಿಕ್ಕಿದ್ದು ಅದೇ ಮೊದಲು. ಎರಡನೆಯ ಸಲ ಹೇಳುವಾಗ ಆ ಪುಟ್ಟ ಕಪ್ಪು ಹೋಗಿ ದೊಡ್ಡ ಬಟ್ಟಲಾಯಿತು. ಮೂರನೆಯ ಸಲ, ಎರಡು ಗುಟುಕು ನನ್ನ ಹೊಟ್ಟೆಗೆ ಹೋಗಿತ್ತು. ನಕ್ಕೋ ಎಂಬ ಮಾತನ್ನು ಒಮ್ಮೆಯೂ ಹೇಳಲಿಲ್ಲ.

ಮುಂದಿನ ಸಂತೆಗೆ ಅವನು ಎಂದಿನಂತೆ ಗೇಟಿನ ಪಕ್ಕ ಕೂತಿದ್ದ. ನಾನು ಅತ್ತ ಹೋಗದೆ ದೂರದಲ್ಲಿ ನಿಂತಿದ್ದೆ. ಒಬ್ಬ ಹೆಣ್ಣುಮಗಳು ಎಲೆಯ ಕಟ್ಟು ಎತ್ತಿಕೊಂಡಳು. ಜೊತೆಯವಳು ಅವಳ ಕೈ ಜಗ್ಗಿದಳು.

"ಇಡ ಅತ್ತ. ಅದರ ಮ್ಯಾಲ ಎಂಥಾ ನೀರು ಹೊಡದಾನೋ ಏನೋ!"

ಅವಳು ಕಟ್ಟನ್ನು ಕೆಳಗಿಟ್ಟಳು. ಗೆಳೆಯ ನೀರಿನ ತಂಬಿಗೆ ಹಿಡಿದವನು ಹಾಗೇ ಕೂತ. ಸಂಜೆ ತುಂಬಿದ ಬುಟ್ಟಿಗಳನ್ನು ಬಸ್ಸಿಗೆ ಏರಿಸಿದ. ಮತ್ತೆ ಎರಡು ವಾರ ಬಂದ. ಮದುವೆಗೆ, ಪೂಜೆಗೆ ಎಂದು ಅವನಲ್ಲೇ ಎಲೆ ಹೇಳುತ್ತಿದ್ದ ಮನೆಗಳು ಬೇರೆ ಕಡೆ ಹೇಳಿದವು. ಆಮೇಲೆ ಅವನು ಅಕ್ಕಿಆಲೂರಿಗೆ ಬರುವುದನ್ನೇ ಬಿಟ್ಟ.

ಆರು ತಿಂಗಳು ತಡೆದು ಸವಣೂರಿಗೆ ಹೋದೆ. ಅವನು ಮನೆಯ ಮುಂದೆ ಎಲೆ ಆರಿಸುತ್ತ ಕೂತಿದ್ದ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಆ ಹುಡುಗಿ ನನಗೆ ನಿಜ ಹೇಳಿದ್ದಳು ಎಂಬುದನ್ನೂ ಹೇಳಿದೆ.

"ಅಕಿ ನಿನ್ನ ಬೆನ್ನ ಹತ್ತಿ ಹೋಗಿದ್ದು ನಾ ನೋಡೇನಿ" ಎಂದ, ತಲೆ ಎತ್ತದೆ. "ನಿನಗ ಗೊತ್ತಿತ್ತು ಅನ್ನೂದು ನನಗ ಗೊತ್ತಿತ್ತು. ಗೊತ್ತಿಲ್ದ ಮಾತಾಡಿದ್ರ ನಾನಽ ಬಂದು ನಿನಗ ತಿಳಿಸಿ ಹೇಳ್ತಿದ್ದೆ."

"ತಪ್ಪಾತು. ಕಾಲು ಬೀಳ್ತೇನಿ."

"ನನ್ನ ಮುಂದ ಬಿದ್ದು ಏನ್ ಮಾಡ್ತಿ? ಎಲ್ಲಿ ಹೇಳಿದ್ಯೋ ಅಲ್ಲಿ ಹೋಗಿ ಹೇಳು."

ಹೇಳಿದೆ. ಅದೇ ಚಹಾದಂಗಡಿ, ಅದೇ ಬೆಂಚು, ಬಹುಮಟ್ಟಿಗೆ ಅದೇ ಜನ. ನಾನು ಏನನ್ನೂ ಕುಡಿದಿರಲಿಲ್ಲ, ಅವನು ಬೇಡ ಎಂದೇ ಹೇಳಿದ್ದ, ಸುಳ್ಳಾಡಿದವನು ನಾನು ಎಂದೆ. ಒಬ್ಬನು ಪೇಪರಿನಿಂದ ಕಣ್ಣು ತೆಗೆಯಲಿಲ್ಲ.

ಇನ್ನೊಬ್ಬ, "ಅಂವಾ ಏನ್ ಕೊಟ್ಟು ಬಾಯಿ ಮುಚ್ಚಿಸ್ಯಾನ ಕಾಕಾ?" ಎಂದ.

"ಏನೂ ಕೊಟ್ಟಿಲ್ಲಪಾ. ಖರೇನ ಹೇಳಾಕತ್ತೇನಿ."

"ಆವಾಗನೂ ಖರೇ ಅಂದಿದ್ರಿ."

ಎಲ್ಲರೂ ನಕ್ಕರು. ಅಂಗಡಿಯವನು ನನ್ನ ಮುಂದೆ ಚಹಾ ಇಟ್ಟು, "ಪಾಪ, ಕಣ್ಣಿನ ಜೋಡಿ ತಲಿನೂ ಮಂಜ ಆಗೇತಿ" ಎಂದು ಅವರಿಗೆ ಕೇಳಿಸುವಂತೆ ಹೇಳಿದ.

ಸಂಜೆ ಗೆಳೆಯನಿಗೆ ಫೋನು ಮಾಡಿ, ಹೇಳಿ ಬಂದೆ ಎಂದೆ.

"ನಂಬಿದ್ರೇನು?"

"ಇಲ್ಲ."

ಆ ಕಡೆ ಎಲೆಗೆ ನೀರು ಚಿಮುಕಿಸುವ ಸದ್ದು ಕೇಳಿಸಿತು.

"ಹಂಗಾದ್ರ ಮುಂದಿನ ಸಂತಿಗೂ ಹೇಳು" ಎಂದ.

ಹೇಳುತ್ತಿದ್ದೇನೆ. ಅವನ ಜಾಗದಲ್ಲಿ ಈಗ ಬೇರೆಯವನೊಬ್ಬ ಎಲೆ ಮಾರುತ್ತಾನೆ. ಸಂತೆಗೆ ಬಂದವರು ನನ್ನನ್ನು ದೂರದಿಂದಲೇ ಕಂಡು ದಾರಿ ಬದಲಿಸುತ್ತಾರೆ.