ಟೇಪಿನ ಇನ್ನೊಂದು ತುದಿ

ದೆವ್ವ, ಶಕುನ, ಕನಸಿನ ಸೂಚನೆ ಇಂಥವನ್ನೆಲ್ಲ ನಾನು ನಂಬುವವನಲ್ಲ. ಉಡುಪಿ ಕಡೆಯ ನನ್ನ ಊರಿನಲ್ಲಿ ಇಂಥ ಕತೆಗಳಿಗೇನೂ ಬರವಿರಲಿಲ್ಲ. ಯಾರಾದರೂ ಶುರು ಮಾಡಿದರೆ, "ಅದು ಎಷ್ಟು ಅಡಿ ಎತ್ತರ ಇತ್ತು?" ಎಂದು ಕೇಳಿ ಅವರ ಬಾಯಿ ಮುಚ್ಚಿಸುವುದು ನನ್ನ ಚಾಳಿಯಾಗಿತ್ತು. ನಾನು ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅಳತೆಗೆ ಸಿಗದ್ದು ನನ್ನ ಮಟ್ಟಿಗೆ ಇಲ್ಲವೇ ಇಲ್ಲ. ಈಗ ಹೇಳಹೊರಟ ಸಂಗತಿಯ ತೊಂದರೆಯೇ ಅದು. ಅದು ಅಳತೆಗೆ ಸಿಕ್ಕಿತು. ಇದನ್ನು ನೀವು ನಂಬಲೇಬೇಕೆಂಬ ಹಟವೇನೂ ನನಗಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಮಸ್ಕತ್ತಿನ ಖುರುಮ್‌ನಲ್ಲಿ ಒಂದು ಕಂಪೆನಿಯಲ್ಲಿ ನನಗೆ ಕೆಲಸ. ಒಂದು ಚಳಿಗಾಲದಲ್ಲಿ ನಮ್ಮ ಮ್ಯಾನೇಜರು ನನ್ನನ್ನು ಎರಡು ತಿಂಗಳ ಮಟ್ಟಿಗೆ, ಹಳೆಯ ಅವಶೇಷ ಅಗೆಯುವ ವಿದೇಶಿ ತಂಡವೊಂದಕ್ಕೆ ಎರವಲು ಕೊಟ್ಟರು. ಜೊತೆಗೆ ಒಂದು ಪಿಕಪ್ಪು, ಅದಕ್ಕೊಬ್ಬ ಡ್ರೈವರು. ಡ್ರೈವರನ ಹೆಸರು ಲಾರೆನ್ಸ್, ಶಿರ್ವದ ಕಡೆಯವನು, ನನಗಿಂತ ಆರು ವರ್ಷ ಚಿಕ್ಕವನು. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ, ಸಿಟ್ಟು ಬಂದರೆ ತುಳು.

ಜಾಗ ಇಬ್ರಿಯ ಕಡೆ, ಒಳನಾಡಿನಲ್ಲಿ. ಖರ್ಜೂರದ ತೋಟಗಳು ಮುಗಿದ ಮೇಲೆ ಒಂದು ಒಣಗಿದ ವಾದಿ, ಎಂದರೆ ಮಳೆ ಬಂದಾಗ ಮಾತ್ರ ಹರಿಯುವ ಹೊಳೆ, ಅದರ ದಂಡೆಯ ಮೇಲೆ ಸುಮಾರು ಎರಡು ಸಾವಿರ ವರ್ಷ ಹಳೆಯ ದೊಡ್ಡ ಮನೆಯೊಂದರ ಅಡಿಪಾಯ. ಮೊಣಕಾಲೆತ್ತರದ ಕಲ್ಲುಗೋಡೆಗಳು, ಒಂದು ಅಂಗಳ, ಮಸಿ ಹಿಡಿದ ಒಲೆಯ ಕಲ್ಲುಗಳು. ತಂಡದ ಮೇಡಂ ತಮ್ಮ ದೇಶದಲ್ಲಿ ಇಪ್ಪತ್ತು ವರ್ಷ ರೋಮನ್ನರ ಹಳ್ಳಿಮನೆಗಳನ್ನು ಅಗೆದು ಬಂದವರು. ರೋಮನ್ನರು ಇಲ್ಲಿ ಮನೆ ಕಟ್ಟಿದವರಲ್ಲ, ಇದು ಯಾರೋ ತೋಟದ ಧಣಿಯ ಮನೆ ಎಂದು ಅವರೇ ಹೇಳುತ್ತಿದ್ದರು. ಆದರೂ ಅಭ್ಯಾಸಬಲದಿಂದ ಅದನ್ನು 'ವಿಲ್ಲಾ' ಎನ್ನುತ್ತಿದ್ದರು. ಲಾರೆನ್ಸ್‌ನ ಬಾಯಲ್ಲಿ ಅದು 'ಮೇಡಮ್ಮನ ಬಂಗ್ಲೆ'.

ಮೇಡಂ ಒಳ್ಳೆಯವರೇ, ಆದರೆ ಎರಡು ವಿಷಯಗಳಲ್ಲಿ ಬಲು ಖಡಕ್ಕು. ಮೊದಲನೆಯದು, ಯಾರಾದರೂ ಕೆಲಸ ಮಾಡುತ್ತಿರುವಾಗ ಗಾಡಿ ಜಾಗ ಬಿಟ್ಟು ಕದಲಬಾರದು. ಹಿಂದಿನ ವರ್ಷ ಹಾವು ಕಚ್ಚಿದ ಕೆಲಸದವನೊಬ್ಬ ಗಾಡಿಯಿಲ್ಲದೆ ಸಾಯುವ ಹಾಗಾಗಿದ್ದನಂತೆ. ಆ ಡ್ರೈವರನನ್ನು ವಾರದೊಳಗೆ ಊರಿಗೆ ಕಳಿಸಿದ್ದರು. ಎರಡನೆಯದು ಅಳತೆಯ ಪುಸ್ತಕ. ಪುಟಗಳಿಗೆ ನಂಬರಿತ್ತು, ಹರಿಯುವಂತಿಲ್ಲ. ಪುಟದ ಮೇಲೆ ಶುರು ಮಾಡಿದ ಹೊತ್ತು, ಕೆಳಗೆ ಮುಗಿದ ಹೊತ್ತು. ಪ್ರತಿ ಅಳತೆಯ ಮುಂದೆ, ಟೇಪಿನ ಇನ್ನೊಂದು ತುದಿ ಹಿಡಿದವನ ಹೆಸರಿನ ಮೊದಲ ಅಕ್ಷರ. ನನ್ನ ಪುಸ್ತಕದ ತುಂಬ 'ಲಾ, ಲಾ, ಲಾ' ಎಂದು ಸಂಗೀತದ ಪಾಠದ ಹಾಗೆ ಕಾಣುತ್ತಿತ್ತು.

ಕೆಲಸದ ಕ್ರಮ ಸರಳ. ನಾನು ನೆಲಕ್ಕೆ ನೆಟ್ಟ ಎರಡು ಗೂಟಗಳಲ್ಲಿ ಮೊದಲನೆಯದರ ಹತ್ತಿರ ನಿಂತು ಟೇಪಿನ ಡಬ್ಬಿ ಹಿಡಿಯುತ್ತಿದ್ದೆ. ಲಾರೆನ್ಸ್ ಟೇಪಿನ ಕಬ್ಬಿಣದ ಬಳೆಯಿರುವ ತುದಿಯನ್ನು ಒಯ್ದು ಗೋಡೆಯ ಕಲ್ಲಿಗೆ ಒತ್ತಿ ಹಿಡಿದು, ಎರಡು ಸಲ ಜಗ್ಗುತ್ತಿದ್ದ. ಜಗ್ಗಿದರೆ 'ಸರಿಯಾಗಿದೆ, ಓದಿ' ಎಂದರ್ಥ. ನಾನು ಓದಿ ಬರೆದುಕೊಂಡು ಒಮ್ಮೆ ಜಗ್ಗಿದರೆ ಅವನು ಮುಂದಿನ ಕಲ್ಲಿಗೆ. ಕಲ್ಲುಗಳೆಲ್ಲ ಮುಗಿದ ಮೇಲೆ ನಾನು ಎರಡನೆಯ ಗೂಟಕ್ಕೆ ಹೋಗುತ್ತಿದ್ದೆ, ಅವನು ಮತ್ತೆ ಅವೇ ಕಲ್ಲುಗಳಿಗೆ. ಎರಡೂ ಅಳತೆ ಕೂಡಿದ ಕಡೆ ಕಾಗದದ ಮೇಲೆ ಒಂದು ಚುಕ್ಕೆ. ಹಾಗೆ ಚುಕ್ಕೆ ಚುಕ್ಕೆ ಸೇರಿಸಿ ಗೋಡೆ.

ಆ ದಿನ ಬೆಳಗಿನಿಂದಲೇ ಧೂಳಿನ ಗಾಳಿ. ಮಧ್ಯಾಹ್ನ ಎಲ್ಲರೂ ಊಟಕ್ಕೆ ತೋಟದ ಬಿಡಾರಕ್ಕೆ ನಡೆದುಹೋದರು. ಪೂರ್ವದ ಕೋಣೆ ಮುಗಿಸಿಯೇ ಬರುತ್ತೇವೆಂದು ನಾವಿಬ್ಬರೇ ಉಳಿದೆವು.  ಊರಿನಲ್ಲಿ ಲಾರೆನ್ಸ್‌ನ ಹೆಂಡತಿಗೆ ದಿನ ತುಂಬಿತ್ತು. ಮೊದಲ ಮಗು ಹೊಟ್ಟೆಯಲ್ಲೇ ಹೋಗಿತ್ತು, ಈ ಸಲ ಏನಾಗುತ್ತದೋ ಎಂಬ ಭಯ. ಫೋನು ಮಾಡಬೇಕೆಂದರೆ ಇಪ್ಪತ್ತು ಕಿಲೋಮೀಟರು ಆಚೆಯ ಪೇಟೆ.

ಅಳತೆ ಶುರು ಮಾಡಿದಾಗ ಒಂದು ಗಂಟೆ ಹತ್ತು ನಿಮಿಷ. ಅಷ್ಟರಲ್ಲಿ ಧೂಳು ಎಷ್ಟು ದಟ್ಟವಾಯಿತೆಂದರೆ ಟೇಪು ಹತ್ತಡಿ ಆಚೆ ಕಾಣುತ್ತಿರಲಿಲ್ಲ. ಕೂಗಿದರೆ ಗಾಳಿಯೇ ನುಂಗುತ್ತಿತ್ತು. ಆದರೂ ಟೇಪು ಬಿಗಿಯಾಯಿತು, ಎರಡು ಸಲ ಜಗ್ಗಿತು. ಓದಿದೆ, ಬರೆದೆ, 'ಲಾ' ಹಾಕಿದೆ. ಪ್ರತಿ ಸಲವೂ ಗಾಳಿಗೆ ಟೇಪು ಅಲ್ಲಾಡುವುದು ನಿಲ್ಲುವವರೆಗೆ ಕಾದು, ಹೀಗೆ ಆರು ಕಲ್ಲು. ಎರಡನೆಯ ಗೂಟಕ್ಕೆ ಹೋಗಿ ಮತ್ತೆ ಆರು. ಜಗ್ಗುವುದರಲ್ಲಿ ಒಂದು ಸಲವೂ ತಪ್ಪಿಲ್ಲ. ಇವತ್ತು ಮಾರಾಯ ಚೆನ್ನಾಗಿ ಹಿಡಿಯುತ್ತಿದ್ದಾನೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡದ್ದು ನನಗೆ ನೆನಪಿದೆ.

ಮುಗಿಸಿ ಹೊತ್ತು ಬರೆದು ಟೇಪು ಸುತ್ತತೊಡಗಿದೆ. ಅದು ಯಾವ ತಡೆಯೂ ಇಲ್ಲದೆ ಹಗುರವಾಗಿ ನನ್ನ ಕೈಗೆ ಬಂತು. ಗಾಳಿ ಇಳಿಯುತ್ತಿತ್ತು. ಆಚೆ ಯಾರೂ ಇರಲಿಲ್ಲ. ಆಗಲೇ ವಾದಿಯ ಕಡೆಯಿಂದ ಪಿಕಪ್ಪು ಬಂದು ನಿಂತಿತು. ಲಾರೆನ್ಸ್ ಇಳಿದು ಓಡಿಬಂದ.

"ಹೆಣ್ಣು ಮಗು ಶೆಟ್ರೆ! ತಾಯಿ ಮಗು ಇಬ್ರೂ ಆರಾಮ ಉಂಟಂತೆ. ಆಸ್ಪತ್ರೆಯ ಸಿಸ್ಟರ್ ಹತ್ರವೇ ಮಾತಾಡಿದೆ!"

"ನೀನು ಯಾವಾಗ ಹೋದದ್ದು?"

"ಶುರುವಿಗೇ ಹೋದೆನಲ್ಲ. ಬಳೆ ಅಲ್ಲಿ ನೆಲದ ಮೇಲೆ ಇಟ್ಟು ಕೂಗಿ ಹೇಳಿದೆ. ನೀವು ಕೈ ಎತ್ತಿದ ಹಾಗೆ ಕಂಡಿತು. ಸಿಟ್ಟು ಮಾಡಬೇಡಿ ಮಾರಾಯ್ರೆ."

ನನಗೆ ಸಿಟ್ಟು ಬರಲಿಲ್ಲ. ಟೇಪಿನ ಬಳೆಯನ್ನು ತಿರುಗಿಸಿ ನೋಡಿದೆ, ಅಷ್ಟೇ. ಮಗು ಹುಟ್ಟಿದ ಸಂತೋಷದಲ್ಲಿರುವವನಿಗೆ ಏನೆಂದು ಹೇಳುವುದು? ಅವನ ಕೈ ಕುಲುಕಿದೆ.

ಸಂಜೆ ಬಿಡಾರದಲ್ಲಿ ಕುಳಿತು ಆ ಹನ್ನೆರಡು ಅಳತೆಗಳನ್ನು ಕಾಗದಕ್ಕೆ ಇಳಿಸಿದೆ. ಎಲ್ಲ ಚೆಲ್ಲಾಪಿಲ್ಲಿಯಾಗುತ್ತದೆ, ಗಾಳಿಯ ಆಟವೆಂದು ನಕ್ಕುಬಿಡಬಹುದು ಎಂದುಕೊಂಡಿದ್ದೆ. ಗಾಳಿ ಜಗ್ಗಿದ್ದರೆ ಎರಡು ಗೂಟಗಳ ಲೆಕ್ಕ ಕೂಡುವುದು ಹೇಗೆ? ಆದರೆ ಕೂಡಿತು. ಮೂರು ನೇರ ಗೋಡೆ, ಮೂಲೆಗಳು ಮೂಲೆಮಟ್ಟ ಹಿಡಿದಷ್ಟು ಸರಿ, ಒಂದು ಕಡೆ ಬಾಗಿಲಿನಷ್ಟು ಜಾಗ. ಚಿಕ್ಕದೊಂದು ಕೋಣೆ. ಅದು ಬಿದ್ದದ್ದು ಮಾತ್ರ ಪೂರ್ವದ ಕೋಣೆಯಲ್ಲಲ್ಲ, ಮನೆಯ ಕೊನೆಯ ಗೋಡೆಯ ಆಚೆ, ಒಂದು ಕಲ್ಲೂ ಕಾಣದ ಬಯಲಿನಲ್ಲಿ.

ಮರುದಿನ ಬೆಳಿಗ್ಗೆ ಮೇಡಂ ಗಾಡಿಯ ಕಿಲೋಮೀಟರು ನೋಡಿದರು. ನಲವತ್ತು ಹೆಚ್ಚಾಗಿತ್ತು. ನಿನ್ನೆ ಗಾಡಿ ಎಲ್ಲಿಗೆ ಹೋಗಿತ್ತು ಎಂದು ಲಾರೆನ್ಸ್‌ನನ್ನು ಕೇಳಿದರು. ಅವನು ಬಾಯಿ ತೆರೆಯುವ ಮೊದಲೇ ಅವರು ನನ್ನ ಪುಸ್ತಕ ತೆಗೆದು ಪುಟ ನೋಡಿದರು. ಒಂದು ಹತ್ತರಿಂದ ಎರಡು ಮೂವತ್ತರವರೆಗೆ, ಸಾಲಾಗಿ ಹನ್ನೆರಡು 'ಲಾ'. ನನ್ನ ಕಡೆ ತಿರುಗಿ, ಇವನೇ ಹಿಡಿದಿದ್ದನೇ ಎಂದರು.

ಇಲ್ಲ ಎಂದರೆ ಅವನು ಮಗುವಿನ ಮುಖ ನೋಡಲು ಕೆಲಸ ಕಳೆದುಕೊಂಡೇ ಊರಿಗೆ ಹೋಗಬೇಕು. ಹೌದು ಎಂದರೆ ಆ ಕೋಣೆಗೆ ನಾನು ಹೊಣೆ. ಹೌದು ಎಂದೆ. ಯಾರೋ ಹಿಡಿದಿದ್ದರು, ಅಷ್ಟಂತೂ ನಿಜವಾಗಿತ್ತು.

ಗಾಡಿ ಕೆಲಸ ಮುಗಿದ ಮೇಲೆ ಹೋಗಿರಬೇಕೆಂದುಕೊಂಡು ಮೇಡಂ ಕಿಲೋಮೀಟರಿನ ಮಾತು ಬಿಟ್ಟರು. ಆದರೆ ನಕ್ಷೆ ನೋಡಿ ಹುಬ್ಬೇರಿಸಿದರು. ಇಲ್ಲಿ ಗೋಡೆ ಎಲ್ಲಿದೆ, ತೋರಿಸಿ ಎಂದರು. ಮೇಲೆ ಕಾಣುವುದಿಲ್ಲ, ಮಣ್ಣಿನ ಬಣ್ಣ ನೋಡಿ ಅಳೆದೆವು ಎಂದು ತೊದಲಿದೆ. ಒಂದು ಸುಳ್ಳಿಗೆ ಹತ್ತು ಸುಳ್ಳು ಎನ್ನುತ್ತಾರಲ್ಲ, ಹಾಗಾಯಿತು. ಸರಿ, ಅಗೆದೇ ನೋಡೋಣ ಎಂದರು. ಅಲ್ಲಿ ಏನೂ ಸಿಗದಿದ್ದರೆ ಇಬ್ಬರ ಬಂಡವಾಳವೂ ಬಯಲಾಗುತ್ತಿತ್ತು. ಎರಡು ದಿನ ಅಗೆದರು. 

ಮೂರನೆಯ ದಿನ, ಒಂದು ಮೊಳ ಆಳದಲ್ಲಿ ಕಲ್ಲು ಸಿಕ್ಕಿತು. ಮೂರು ಗೋಡೆಗಳೂ ನನ್ನ ಗೆರೆಯ ಮೇಲೆಯೇ ಇದ್ದವು, ಹೆಚ್ಚೆಂದರೆ ಒಂದು ಬೆರಳಿನ ವ್ಯತ್ಯಾಸ. ಬಾಗಿಲಿನ ಜಾಗದಲ್ಲಿ ಹೊಸ್ತಿಲ ಕಲ್ಲು, ಜನ ತುಳಿದು ತುಳಿದು ನಡುವೆ ಸವೆದದ್ದು. ಎಲ್ಲರೂ ನನ್ನ ಕಣ್ಣನ್ನು ಹೊಗಳಿದರು. ನನಗೆ ಆ ಹೊಸ್ತಿಲು ದಾಟಲು ಧೈರ್ಯ ಬರಲಿಲ್ಲ. ಸುತ್ತು ಬಳಸಿ ಹೋಗಿ ಅಳತೆ ಮುಗಿಸಿದೆ.

ನಾನು ಯೋಚಿಸದೆ ಕುಳಿತವನಲ್ಲ. ದಿನಾ ಓಡಾಡುವಾಗ ಮಣ್ಣಿನಲ್ಲಿ ಗೋಡೆಯ ಗುರುತು ನನಗೆ ಅರಿವಿಲ್ಲದೆಯೇ ಕಂಡಿರಬಹುದು. ಲಾರೆನ್ಸ್‌ನ ಚಿಂತೆ ನನಗೂ ಅಂಟಿ ಮನಸ್ಸು ಏನೋ ಆಟ ಹೂಡಿರಬಹುದು. ಹೀಗೆ ಎಷ್ಟು ಹೇಳಿಕೊಂಡರೂ, ಎರಡು ಸಲ ಜಗ್ಗಿದ್ದು ನನ್ನ ಬೆರಳಿಗೆ ಗೊತ್ತು.

ಲಾರೆನ್ಸ್ ಮಾತ್ರ ಬೇರೆಯೇ ಅರ್ಥ ಮಾಡಿಕೊಂಡಿದ್ದ. ತನ್ನನ್ನು ಉಳಿಸಲು ನಾನೇ ಸುಳ್ಳು ಅಳತೆ ಬರೆದು ಹನ್ನೆರಡು ಸಲ ಅವನ ಹೆಸರು ಹಾಕಿದೆ, ದೇವರ ದಯದಿಂದ ಅಲ್ಲಿ ಗೋಡೆ ಸಿಕ್ಕಿತು ಎಂದು. ಪ್ರತಿ ವರ್ಷ ಮಗಳ ಹುಟ್ಟುಹಬ್ಬಕ್ಕೆ ನನ್ನ ಮನೆಗೆ ಕೇಕು ಬರುತ್ತಿತ್ತು. ಎಲ್ಲರೆದುರು ನನ್ನನ್ನು ತೋರಿಸಿ, "ಇವರು ಇಲ್ಲದಿದ್ರೆ ನಾನು ಆಗಲೇ ಖಲಾಸ್" ಎನ್ನುತ್ತಿದ್ದ. ನಾನು ತಿದ್ದಲಿಲ್ಲ. ಹೊಗಳಿಕೆ ಹಿತವಾಗಿತ್ತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ತೊಂಬತ್ತರ ದಶಕದ ಕೊನೆಗೆ ನಾನು ಮಸ್ಕತ್ ಬಿಟ್ಟು ಊರಿಗೆ ಹೊರಟೆ. ಅಷ್ಟರಲ್ಲಿ ಅವನು ಮಸ್ಕತ್ತಿನದೇ ಘಾಲಾದ ಒಂದು ಗ್ಯಾರೇಜಿನಲ್ಲಿ ಮೇಸ್ತ್ರಿಯಾಗಿದ್ದ, ಹೆಂಡತಿ ಮಗಳನ್ನೂ ಕರೆಸಿಕೊಂಡಿದ್ದ. ವಿದಾಯ ಹೇಳಲು ಹೋದಾಗ ಸಾಲ ಉಳಿಸಿಕೊಂಡು ಹೋಗಬಾರದೆನಿಸಿ ಎಲ್ಲವನ್ನೂ ಹೇಳಿಬಿಟ್ಟೆ. ನಾನು ನಿನಗಾಗಿ ಏನೂ ಬರೆಯಲಿಲ್ಲ, ಟೇಪು ಜಗ್ಗಿತು, ನೀನೇ ಅಂದುಕೊಂಡು ಬರೆದೆ ಎಂದೆ.

ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ, ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. ಆಚೆ ಬಾಗಿಲಲ್ಲಿ ಶಾಲೆಯ ಯೂನಿಫಾರ್ಮಿನ ಅವನ ಮಗಳು, "ಡ್ಯಾಡಿ, ಲೆಟ್ಸ್ ಗೋ" ಎಂದು ಕರೆದಳು. ಅವಳನ್ನೇ ನೋಡುತ್ತ ಮೆಲ್ಲಗೆ ಕೇಳಿದ:

"ಹಾಗಾದ್ರೆ ಇಷ್ಟು ವರ್ಷ ನಾನು ಉಪಕಾರ ಹೇಳಿದ್ದು ಯಾರಿಗೆ ಶೆಟ್ರೆ?"