ಮೊದಲನೆಯ ‘ಆತು’

ನಮ್ಮ ಕಡೆ ‘ಆತು’ ಎಂಬ ಮಾತಿಗೆ ಎರಡು ಅರ್ಥ. ಕೆಲಸ ಮುಗಿಯಿತು ಎನ್ನುವುದು ಒಂದು. ಕೇಳಿಸಿಕೊಂಡೆ, ಮಾಡುತ್ತೇನೆ, ಈಗ ನೀನು ಹೊರಡು ಎನ್ನುವುದು ಇನ್ನೊಂದು. ಕಮಲಾಪುರದ ನನ್ನ ಸೋದರಮಾವ ಬದುಕಿದ್ದೇ ಎರಡನೆಯ ಅರ್ಥದಲ್ಲಿ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ ಓದಿಸಿದವನು ಅವನು. ಸೈಕಲ್ಲಿನ ಚೈನ್ ಹಾಕಿಸಿಕೊಡು ಎಂದರೆ ‘ಆತು ತಗೋ’. ಮಾಳಿಗೆ ಸೋರುತ್ತದೆ ಎಂದು ಅತ್ತೆ ಗೊಣಗಿದರೂ ‘ಆತು ತಗೋ’. ಚೈನು ಮೂರು ವಾರ ಗೂಟಕ್ಕೆ ನೇತಾಡಿತು, ಮಾಳಿಗೆ ಮರುವರ್ಷವೂ ಸೋರಿತು. ಯಾರು ಕೆಲಸ ಮುಂದೂಡಿದರೂ ‘ಇದು ಮಾವನ ಆತು’ ಎಂದು ಮನೆಮಂದಿಯೆಲ್ಲ ನಗುತ್ತಿದ್ದೆವು. ಅವನೂ ನಗುತ್ತಿದ್ದ.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಕಲಬುರಗಿಯ ಖೂಬಾ ಪ್ಲಾಟಿನಲ್ಲಿದ್ದ ಒಂದು ಸಣ್ಣ ಲ್ಯಾಬಿಗೆ ನಾನು ಪ್ರೋಗ್ರಾಂ ಬರೆದುಕೊಟ್ಟೆ. ರಕ್ತ ಪರೀಕ್ಷೆಯ ಲ್ಯಾಬು. ಕಮಲಾಪುರದಲ್ಲಿ ಒಬ್ಬರು ತಮ್ಮ ಮನೆಯ ಪಡಸಾಲೆಯಲ್ಲೇ ಜನರ ರಕ್ತ ತೆಗೆದು, ಐಸ್ ಡಬ್ಬಿಯಲ್ಲಿಟ್ಟು ಬಸ್ಸಿಗೆ ಕೊಡುತ್ತಿದ್ದರು. ಇಲ್ಲಿ ಪರೀಕ್ಷೆ ಮಾಡುವವಳು ಒಬ್ಬ ಹಿರಿಯ ಹೆಂಗಸು, ನಾನು ಅಕ್ಕ ಎನ್ನುತ್ತಿದ್ದೆ. ವರದಿ ಗಾಬರಿ ಹುಟ್ಟಿಸುವಂತಿದ್ದರೆ ಅವಳು ಕಮಲಾಪುರಕ್ಕೆ ಫೋನ್ ಮಾಡಿ ಹೇಳುತ್ತಿದ್ದಳು. ಅದನ್ನೆಲ್ಲ ಇನ್ನು ಕಂಪ್ಯೂಟರೇ ಹೇಳಲಿ ಎಂಬುದು ನನ್ನ ಹಮ್ಮು. ಇಲ್ಲೊಂದು ಪ್ರೋಗ್ರಾಂ, ಆ ಪಡಸಾಲೆಯ ಕಂಪ್ಯೂಟರಿನಲ್ಲೊಂದು ಪ್ರೋಗ್ರಾಂ, ನಡುವೆ ಟೆಲಿಫೋನ್ ತಂತಿ.

ಮೊದಲು ಬರೆದದ್ದು ಹೀಗಿತ್ತು: ಅಕ್ಕ ‘ಕಳಿಸು’ ಒತ್ತಿದರೆ, ಕಮಲಾಪುರದ ಪ್ರೋಗ್ರಾಂ ಉತ್ತರ ಕೊಡುವ ತನಕ ಇಲ್ಲಿನ ಪರದೆ ಅಲ್ಲಾಡದು. ಅಕ್ಕ ರೇಗಿದಳು. “ಸತ್ತದ ನೋಡೋ ನಿನ್ ಕಂಪ್ಯೂಟರ್! ಎಷ್ಟೊತ್ತು ಇದರ ಮಾರಿ ನೋಡ್ಕೋತ ಕೂಡ್ಲಿ?”

ನಾನು ಬಳಸುತ್ತಿದ್ದ ಸಿದ್ಧ ಕೋಡಿನ ಲೈಬ್ರರಿಯಲ್ಲಿ ಇದಕ್ಕೊಂದು ಉಪಾಯವಿತ್ತು. ಕಮಲಾಪುರದ ಪ್ರೋಗ್ರಾಮಿನ ಪರವಾಗಿ ಇಲ್ಲೇ, ಇದೇ ಯಂತ್ರದೊಳಗೆ ಒಂದು ಪ್ರಾಕ್ಸಿಯನ್ನು ಕೂಡಿಸುವುದು. ಸಂದೇಶವನ್ನು ಅದರ ಕೈಗಿತ್ತರೆ ಸಾಕು, ತಕ್ಷಣ ಇಸಿದುಕೊಂಡು ನಮ್ಮನ್ನು ಬಿಟ್ಟುಬಿಡುತ್ತದೆ. ಅತ್ತಲಿನ ಯಂತ್ರ ಎಚ್ಚರವಿದ್ದಾಗ ಮುಟ್ಟಿಸುತ್ತದೆ. ನಿಜವಾದ ಉತ್ತರ ಆಮೇಲೆ, ಅದು ಬಂದಾಗ. ಕಾಲೇಜಿನಲ್ಲಿ ಬಾರದ ಗೆಳೆಯನ ಹಾಜರಿಗೆ ಹಿಂದಿನ ಬೆಂಚಿನಿಂದ ‘ಎಸ್ ಸಾರ್’ ಎನ್ನುವುದನ್ನೂ ನಾವು ಪ್ರಾಕ್ಸಿ ಎಂದೇ ಕರೆಯುತ್ತಿದ್ದೆವು. ಅದನ್ನು ನೆನೆದು ಒಬ್ಬನೇ ನಕ್ಕಿದ್ದೆ.

ಪ್ರಾಕ್ಸಿ ಸಂದೇಶ ಇಸಿದುಕೊಂಡಾಗ ಪರದೆಯ ಮೇಲೆ ‘ಕ್ಯೂಡ್’ ಎಂದು ಬರುತ್ತಿತ್ತು, ಸರತಿಯಲ್ಲಿದೆ ಎಂದರ್ಥ. ಅಕ್ಕನಿಗೆ ಅದೂ ಸರಿಬರಲಿಲ್ಲ. “ಇದೇನ್ ತಿಳೀತದ ನನಗ? ನಮ್ ಮಾತಿನ್ಯಾಗ ಹಾಕು” ಎಂದಳು. ನಾನು ಕ್ಷಣವೂ ಯೋಚಿಸದೆ ‘ಆತು’ ಎಂದು ಹಾಕಿದೆ. ಕಮಲಾಪುರದಿಂದ ಉತ್ತರ ಬಂದಾಗ ಅದರ ಪಕ್ಕದಲ್ಲಿ ಇನ್ನೊಂದು ‘ಆತು’ ಮೂಡುವಂತೆ ಮಾಡಿದೆ. ಎರಡಕ್ಕೂ ಒಂದೇ ಮಾತೇಕೆ ಎಂದರೆ, ಶುದ್ಧ ಸೋಮಾರಿತನ. ಎರಡು ತಿಂಗಳು ಆ ಎರಡನೆಯದು ಮೊದಲನೆಯದರ ಬೆನ್ನಿಗೇ ಬಂದಿತು. ಹೀಗಾಗಿ ಅದನ್ನು ನೋಡುವ ರೂಢಿಯೇ ನಮಗೆ ತಪ್ಪಿಹೋಯಿತು.

ಆ ಬೇಸಿಗೆಯಲ್ಲಿ ಮಾವನ ಕಾಲು ಬಾತವು, ನಾಲ್ಕು ಹೆಜ್ಜೆಗೆ ಏದುಸಿರು. ರಕ್ತ ಕೊಟ್ಟು ಬಾ ಎಂದು ನಾನೇ ಗಂಟುಬಿದ್ದೆ. ‘ಆತು ತಗೋ’ ಎಂದ. ಆಶ್ಚರ್ಯವೆಂದರೆ ಮರುದಿನ ಬೆಳಿಗ್ಗೆಯೇ ಹೋಗಿ ಕೊಟ್ಟುಬಿಟ್ಟ. ಅವನ ಮನೆಯಿಂದ ಆ ಪಡಸಾಲೆಗೆ ನಾಲ್ಕೇ ಮನೆ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ವರದಿ ಸಿದ್ಧವಾಯಿತು. ನಾನು ಅಕ್ಕನ ಪಕ್ಕದಲ್ಲೇ ಇದ್ದೆ. ಪೊಟ್ಯಾಷಿಯಂ ವಿಪರೀತ ಏರಿತ್ತು. ಹೀಗಿದ್ದರೆ ಎದೆ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು, ಇವತ್ತೇ ಆಸ್ಪತ್ರೆಗೆ ಸೇರಿಸಬೇಕು ಎಂದಳು. ‘ಭಾಳ ಏರ್ಯಾದ. ಈಗಿಂದೀಗ ಜೀಪಿನ್ಯಾಗ ಕಲಬುರ್ಗಿಗಿ ಕಳಸ್ರಿ’ ಎಂದು ಟೈಪು ಮಾಡಿ ಒತ್ತಿದಳು. ‘ಆತು’ ಎಂದು ಬಂತು. ಆದರೂ ಹಳೆಯ ರೂಢಿ, ಅವಳ ಕೈ ಫೋನಿನ ಮೇಲೆ ಹೋಯಿತು.

“ಆತು ಅಂತ ಬಂದದಲ್ಲ ಅಕ್ಕಾ, ಮತ್ತ ಫೋನ್ ಯಾಕ?” ಎಂದೆ.

ಅವಳು ಫೋನಿನ ಮೇಲಿನ ಕೈ ತೆಗೆದಳು.

ನಾನು ನೇರ ಆಸ್ಪತ್ರೆಗೆ ಹೋಗಿ ಹಾಸಿಗೆ ಹೇಳಿಟ್ಟು, ಗೇಟಿನ ಬಳಿ ಜೀಪಿಗಾಗಿ ಕಾದೆ. ಆರಾಯಿತು, ಏಳಾಯಿತು. ಮಾವನಲ್ಲವೇ, ‘ನಾಳಿ ಹೋದ್ರಾತು ತಗೋ’ ಅಂದಿರುತ್ತಾನೆ ಎಂದು ಅವನನ್ನೇ ಬೈದುಕೊಂಡೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಎಳೆದುಕೊಂಡೇ ಬರುವುದೆಂದು ಕಲಬುರಗಿಯ ನನ್ನ ರೂಮಿಗೆ ಹೋದೆ. ಕಮಲಾಪುರದಲ್ಲಿ ಇಳಿದಾಗ ಅವನ ಮನೆಯ ಮುಂದೆ ಜನ ನಿಂತಿದ್ದರು. ನಸುಕಿನಲ್ಲಿ ಹೋಗಿಬಿಟ್ಟಿದ್ದ.

ರಕ್ತ ತೆಗೆಯುವ ಪಡಸಾಲೆಯವರು ನನ್ನನ್ನು ಬದಿಗೆ ಕರೆದರು. “ನಿನ್ನಿ ಮೂರಕ್ಕ ಹೋದ ಕರೆಂಟ್ ಇನ್ನಾ ಬಂದಿಲ್ಲ, ಕಂಪ್ಯೂಟರ್ ಬಂದ್ ಅದ. ರಿಪೋರ್ಟ್ ಏನ್ ಬಂತ್ರೀ?” ಎಂದು ಕೇಳಿದರು. ಹೇಳಿದೆ. ಅವರು “ನಾ ಮನ್ಯಾಗೇ ಇದ್ದೆ. ಫೋನರೇ ಮಾಡಬಾರದಿತ್ತೇನ್ರೀ?” ಎಂದರು. ಫೋನಿಗೆ ಕರೆಂಟು ಬೇಕಿರಲಿಲ್ಲ.

ಮೂರು ದಿನದ ಮೇಲೆ ಲ್ಯಾಬಿಗೆ ಬಂದೆ. ಪರದೆಯಲ್ಲಿ ಮಾವನ ಹೆಸರಿನ ಸಾಲಿತ್ತು, ಅದರ ಮುಂದೆ ಎರಡು ‘ಆತು’. ಮೊದಲನೆಯದರ ವೇಳೆ ನಾಲ್ಕು ಗಂಟೆ ಹತ್ತು ನಿಮಿಷ. ಎರಡನೆಯದು ಮರುದಿನ ಬೆಳಿಗ್ಗೆ ಹತ್ತೂವರೆಯದು. ಆ ಹೊತ್ತಿಗೆ ನಾವು ಮಾವನನ್ನು ಗೋಡೆಗೆ ಆನಿಸಿ ಕೂಡಿಸಿ ಹಣೆಗೆ ವಿಭೂತಿ ಹಚ್ಚುತ್ತಿದ್ದೆವು. ನಾಲ್ಕು ಮನೆಯಾಚೆ ಕರೆಂಟು ಬಂದು, ಯಂತ್ರ ಎದ್ದು, ಈಗಿಂದೀಗ ಕಳಿಸಿರಿ ಎಂಬ ಮಾತನ್ನು ಇಸಿದುಕೊಂಡು ಉತ್ತರ ಕೊಟ್ಟಿತ್ತು. ಪ್ರೋಗ್ರಾಂ ಒಂದಿಷ್ಟೂ ತಪ್ಪಿರಲಿಲ್ಲ. ಅಂದೇ ಮೊದಲನೆಯ ‘ಆತು’ ಅಳಿಸಿ ‘ಇನ್ನಾ ಮುಟ್ಟಿಲ್ಲ’ ಎಂದು ಹಾಕಿದೆ. ಆಮೇಲೆ ಪ್ರತಿ ಕೆಟ್ಟ ವರದಿಗೂ ಅಕ್ಕ ಫೋನಿನ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿ, “ಮಾಡ್ಲೇನು?” ಎಂದು ಕೇಳುತ್ತಿದ್ದಳು. ಅದನ್ನು ತಾಳಲಾರದೆ ಆ ಲ್ಯಾಬು ಬಿಟ್ಟೆ.

ಆದರೆ ನನ್ನನ್ನು ಇಂದಿಗೂ ಬಿಡದಿರುವುದು ಬೇರೆ. ಮಣ್ಣು ಮಾಡಿ ಬಂದ ಸಂಜೆ ಅತ್ತೆ ನನ್ನನ್ನು ಹತ್ತಿರ ಕೂಡಿಸಿಕೊಂಡು, ಬೆನ್ನ ಮೇಲೆ ಕೈಯಾಡಿಸುತ್ತ ಹೇಳಿದಳು.

“ನೀ ಅವತ್ತೇ ಹೇಳಿಕಳಿಸಿರ್ತಿ, ನನಗ ಗೊತ್ತದ. ಕಟ್ಟಿ ಮ್ಯಾಲ ಕುಂತಾಗ ಯಾರರೇ ಹೇಳಿರ್ತಾರ. ಇವರೇ ‘ಆತು ತಗೋ’ ಅಂದು ಸುಮ್ನಾಗ್ಯಾರ. ಹೌದಿಲ್ಲೋ?”

ಬಾಗಿಲಲ್ಲಿ ನಿಂತಿದ್ದ ಪಡಸಾಲೆಯವರು ತಲೆ ತಗ್ಗಿಸಿದರು. ಮಾವ ಇದ್ದಿದ್ದರೆ ಇಲ್ಲ ಎನ್ನುತ್ತಿದ್ದ. ಅವನ ಪರವಾಗಿ ನಾನು ‘ಹೂಂ’ ಅಂದೆ.