ಮುನಿಕೃಷ್ಣಪ್ಪ ನುಂಗಿದ ಮಾತು

ಬಾಗಲೂರಿನ ಆಚೆಗಿನ, ತಮಿಳು ಸೀಮೆಗೆ ಸೇರಿದ ಕನ್ನಡದ ಊರುಗಳಲ್ಲಿ ಟೊಮ್ಯಾಟೊ ಎಲೆ ಮುದುರಿದರೂ ಕೋಸಿಗೆ ಹುಳ ಬಿದ್ದರೂ ಜನ ಒಂದು ಎಲೆ ಕಿತ್ತು, ಟವಲಿನ ತುದಿಗೆ ಗಂಟು ಹಾಕಿಕೊಂಡು ಮುನಿಕೃಷ್ಣಪ್ಪನ ಜಗುಲಿಗೆ ಬರುತ್ತಿದ್ದರು. ಅವನು ಎಲೆಯನ್ನು ಬೆಳಕಿಗೆ ಹಿಡಿದು, ಹಿಂಬದಿ ಸವರಿ, ಮೂಸಿ ನೋಡಿ ರೋಗ ಹೇಳುತ್ತಿದ್ದ. ಮೂವತ್ತು ವರ್ಷ ಹೇಳಿದ. ಕಾಸು ಕೇಳಲಿಲ್ಲ, ಕೇಳಿದ್ದು ಮರ್ಯಾದೆ ಮಾತ್ರ, ಅದನ್ನು ಚೂರೂ ಬಿಡದೆ ವಸೂಲು ಮಾಡುತ್ತಿದ್ದ. ಹೇಳಿದಂತೆ ಮಾಡದವನ ಜೊತೆ ಒಂದು ಬೆಳೆ ಮುಗಿಯುವವರೆಗೂ ಮಾತು ಬಿಡುವಷ್ಟು ಜಂಬ.

ಎರಡು ಸಾವಿರದ ಆರರಲ್ಲಿ ಪಂಚಾಯಿತಿ ಕಟ್ಟಡದ ಒಂದು ಕೋಣೆಗೆ ಕಂಪ್ಯೂಟರ್ ಬಂತು. ಯಾವುದೋ ಸಂಸ್ಥೆಯವರ ರೈತ ಸಲಹಾ ಕೇಂದ್ರ. ಪ್ಲಸ್ ಟೂ ಓದಿದ್ದ ನಾಗಲಕ್ಷ್ಮಿಯನ್ನು ಅಲ್ಲಿ ಕೂರಿಸಿದರು. ಅವಳು ಎಲೆಯ ಫೋಟೊ ತೆಗೆದು ಕಳಿಸಬೇಕು, ದೂರದ ಊರಿನ ತಜ್ಞರು ನೋಡಿ ತಮಿಳಿನಲ್ಲಿ ಉತ್ತರ ಬರೆಯಬೇಕು, ಅದರ ಹಾಳೆ ತೆಗೆದು ಅವಳು ಕನ್ನಡದಲ್ಲಿ ಓದಿ ಹೇಳಬೇಕು. ಆದರೆ ಕರೆಂಟ್ ಇದ್ದರೆ ಲೈನ್ ಇಲ್ಲ, ಲೈನ್ ಇದ್ದರೆ ತಜ್ಞರಿಲ್ಲ. ಕೇಂದ್ರ ಮುಚ್ಚಿದರೆ ಕೆಲಸ ಹೋದೀತೆಂದು ಹೆದರಿದ ಹುಡುಗಿ ಸಂಜೆ ಹೊತ್ತು ಎಲೆ ಹಿಡಿದು ಮುನಿಕೃಷ್ಣಪ್ಪನ ಹಿತ್ತಿಲ ಬಾಗಿಲಿಗೆ ಬರತೊಡಗಿದಳು. ಅವನು ಹೇಳಿದ್ದನ್ನು ಟೈಪ್ ಮಾಡಿ, ಬೆಳಿಗ್ಗೆ ಕಂಪ್ಯೂಟರ್ ಹೇಳಿತೆಂದು ಹಾಳೆ ಕೊಡುತ್ತಿದ್ದಳು.

ಮೊದಮೊದಲು ಮುನಿಕೃಷ್ಣಪ್ಪನಿಗೆ ಒಳಗೊಳಗೇ ಖುಷಿ. ಆಮೇಲೆ ಜಗುಲಿ ಬರಿದಾಯಿತು. ಪಕ್ಕದ ಹೊಲದ ಚೆನ್ನಕೇಶವ ಅವನದೇ ಮಾತು ಅಚ್ಚಾಗಿದ್ದ ಹಾಳೆಯನ್ನು ಅವನ ಮುಂದೆಯೇ ಆಡಿಸಿ, ಇದು ನಿಮ್ಮ ಹಳೇ ಕಾಲದ ಲೆಕ್ಕಾಚಾರ ಅಲ್ಲ ಎಂದು ನಕ್ಕಾಗ ಹೊಟ್ಟೆ ಉರಿದುಹೋಯಿತು. ಬಾಯಿ ಬಿಟ್ಟರೆ ಹುಡುಗಿಯ ಹೊಟ್ಟೆಯ ಮೇಲೆ ಹೊಡೆದಂತೆ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ.

ಆ ಅಕ್ಟೋಬರ್‌ನಲ್ಲಿ, ಅದೇ ಊರಿಗೆ ಕೊಟ್ಟಿದ್ದ ತಂಗಿ ಅಂಜಿನಮ್ಮ ಟೊಮ್ಯಾಟೊ ಎಲೆ ತಂದಳು. ಮೋಡ ಕವಿದಿತ್ತು. ಮುನಿಕೃಷ್ಣಪ್ಪ ನೋಡುತ್ತಲೇ ಅಂಗಮಾರಿ ರೋಗ ಎಂದ. ಕಪ್ಪಾದ ಗಿಡ ಕಿತ್ತು ಸುಡು, ನಾಳೆಯೇ ಮೈಲುತುತ್ತ, ಸುಣ್ಣ ಕಲಸಿ ಹೊಡಿ, ಸೋನೆ ಹಿಡಿದರೆ ತೋಟ ಉಳಿಯೋಲ್ಲ ಎಂದ.

“ಇರಣ್ಣ, ಕಂಪ್ಯೂಟರ್ ಏನ್ ಹೇಳ್ತದೋ ನೋಡ್ಕೊಂಡು ಹೊಡಿತೀನಿ” ಎಂದು ಅಂಜಿನಮ್ಮ ಎದ್ದುಹೋದಳು.

ಊರವರು ಅಂದದ್ದನ್ನು ತಡೆದುಕೊಂಡಿದ್ದವನಿಗೆ ಒಡಹುಟ್ಟಿದವಳ ಬಾಯಲ್ಲಿ ಬಂದದ್ದನ್ನು ತಡೆಯಲಾಗಲಿಲ್ಲ. ಸಂಜೆ ನಾಗಲಕ್ಷ್ಮಿ ಅದೇ ಎಲೆ ಹಿಡಿದು ಬಂದಾಗ ಅವನು ಕೈಗೂ ತೆಗೆದುಕೊಳ್ಳಲಿಲ್ಲ.

“ನಂಗೇನ್ ಗೊತ್ತಮ್ಮ? ನಿನ್ ಕಂಪ್ಯೂಟ್ರನ್ನೇ ಕೇಳು.”

“ಅಂಜಿನಮ್ಮತ್ತೆ ತೋಟದ್ದು ದೊಡ್ಡಪ್ಪ.”

“ಯಾರ್ದಾದ್ರೇನು.”

ಅವಳು ಎಲೆಯನ್ನು ಹಾಗೇ ಹಿಡಿದುಕೊಂಡು ಹೋದಳು. ಎರಡು ದಿನ ಒದ್ದಾಡಲಿ, ತಂಗಿ ತಾನಾಗಿಯೇ ಬರುತ್ತಾಳೆ ಎಂಬುದು ಅವನ ಎಣಿಕೆ. ಒಂದು ದಿನ ಕಳೆದು ಸೋನೆ ಶುರುವಾಯಿತು. ಅವನು ಚಪ್ಪಲಿ ಮೆಟ್ಟಿ ಅಂಗಳದವರೆಗೆ ಹೋದ. ಅವಳೇ ಬರಲಿ ಎಂದು ತಿರುಗಿ ಬಂದ. ಮೂರು ದಿನ ಸೋನೆ ನಿಲ್ಲಲಿಲ್ಲ. ನಾಲ್ಕನೆಯ ದಿನ ಅಂಜಿನಮ್ಮನ ತೋಟ ಬೆಂಕಿ ತಗುಲಿದಂತೆ ಕಪ್ಪಾಗಿ, ಕಾಯಿ ಕೊಳೆತು ನಾರುತ್ತಿತ್ತು. ಆರನೆಯ ದಿನ ತಜ್ಞರ ಉತ್ತರ ಬಂತು. ಅವನು ಹೇಳಿದ್ದೇ ಅದರಲ್ಲಿತ್ತು.

ಬೈಯಲು ಬರುತ್ತಾಳೆ ಎಂದುಕೊಂಡಿದ್ದ. ಅಂಜಿನಮ್ಮ ಜಗುಲಿಯಲ್ಲಿ ಕುಸಿದು ಕುಳಿತು, ಜೊತೆಗೆ ಬಂದಿದ್ದ ನಾಲ್ಕು ಜನರ ಎದುರಿಗೆ ಅತ್ತಳು.

“ನಮ್ಮಣ್ಣ ಎಲೆ ನೋಡ್ತಿದ್ದಂಗೇ ಹೇಳ್ಬುಟ್ಟಿದ್ದ. ನಾನೇ ಪಾಪಿ, ಕೇಳ್ಲಿಲ್ಲ.”

ನಲ್ಲಿಯ ಹತ್ತಿರವೂ ಅದನ್ನೇ ಹೇಳಿದಳು. ಜನ ಎಲೆ ಗಂಟು ಹಾಕಿಕೊಂಡು ಮತ್ತೆ ಜಗುಲಿಗೆ ಬಂದರು. ಚೆನ್ನಕೇಶವನೂ ಬಂದು ಕೈಕಟ್ಟಿ ನಿಂತ. ನಾಗಲಕ್ಷ್ಮಿ ಮಾತ್ರ ಹಿತ್ತಿಲ ಕಡೆ ಸುಳಿಯಲಿಲ್ಲ. ಎದುರಾದರೆ ತಲೆ ತಗ್ಗಿಸಿ ಸರಿದುಹೋಗುತ್ತಾಳೆ. ಅವನು ಅಂದು ಎಲೆ ಮುಟ್ಟದೆ ಕಳಿಸಿದ್ದನ್ನು ಹೇಳಿದರೆ ಅವಳ ಗುಟ್ಟೂ ಬಯಲಾಗುತ್ತದೆ.

ಅಂಜಿನಮ್ಮ ಈಗ ಗುಲಾಬಿ ಬೆಳೆಯುವ ಶೆಡ್ಡಿಗೆ ಕೂಲಿಗೆ ಹೋಗುತ್ತಾಳೆ. ದಿನಾ ಬೆಳಿಗ್ಗೆ ಜಗುಲಿಯ ಮುಂದೆ ನಿಂತು, ಕುಳಿತವರಿಗೆಲ್ಲ ಅಣ್ಣನ ಮಾತು ಕೇಳಿ ಎಂದು ಹೇಳಿಯೇ ಮುಂದೆ ಹೋಗುತ್ತಾಳೆ. ಅವಳು ತಿರುವು ದಾಟುವವರೆಗೂ ಮುನಿಕೃಷ್ಣಪ್ಪ ಕೈಯಲ್ಲಿನ ಎಲೆಯಿಂದ ಕಣ್ಣೆತ್ತುವುದಿಲ್ಲ.